ವಿಂಡೋಸ್ ಹಾಕಿದ ಮೇಲೆ ಮೊದಲ ಲಾಗಿನ್‌ನಲ್ಲೇ ಸೆಟಪ್ ಸ್ಕ್ರಿಪ್ಟ್ ತಾನಾಗಿ ಓಡುವಂತೆ ಮಾಡುವ ವಿಧಾನ

ಒಂದು ಕಂಪ್ಯೂಟರಿಗೆ ವಿಂಡೋಸ್ ಹಾಕಲು ಹಿಡಿಯುವ ಹೊತ್ತಿಗಿಂತ, ಹಾಕಿದ ಮೇಲಿನ ಚಿಲ್ಲರೆ ಕೆಲಸಗಳಿಗೆ ಹಿಡಿಯುವ ಹೊತ್ತೇ ಹೆಚ್ಚು. ಟೈಮ್ ಜೋನ್ ಸರಿಪಡಿಸಬೇಕು, ಕನ್ನಡ ಕೀಬೋರ್ಡ್ ಸೇರಿಸಬೇಕು, ಬ್ರೌಸರ್, ಲಿಬ್ರೆಆಫೀಸ್, ಪ್ರಿಂಟರಿನ ಡ್ರೈವರ್ ಹಾಕಬೇಕು, ಯಾರೂ ಕೇಳದೆ ಬಂದು ಕೂತಿರುವ ಆಟಗಳನ್ನು ತೆಗೆಯಬೇಕು. ಒಂದೇ ಯಂತ್ರವಾದರೆ ಕೈಯಿಂದಲೇ ಮಾಡಿ ಮುಗಿಸಬಹುದು. ಇಪ್ಪತ್ತು ಇಪ್ಪತ್ತೈದು ಯಂತ್ರಗಳ ಲ್ಯಾಬ್ ಆದರೆ, ಹದಿನೈದನೆಯದಕ್ಕೆ ಬರುವ ಹೊತ್ತಿಗೆ ಏನಾದರೊಂದು ಬಿಟ್ಟುಹೋಗಿರುತ್ತದೆ ಮತ್ತು ಯಾವ ಯಂತ್ರದಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಪರೀಕ್ಷೆಯ ದಿನವೇ ಗೊತ್ತಾಗುತ್ತದೆ. ಈ ಕೆಲಸಗಳನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದು, ಮೊದಲ ಲಾಗಿನ್ ಆದ ಕೂಡಲೇ ಅದು ತಾನಾಗಿ ಓಡುವಂತೆ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ವಿವರಗಳು ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತವೆ. ಫೈಲ್‌ಗಳ ಮತ್ತು ಕಮಾಂಡ್‌ಗಳ ಹೆಸರನ್ನು ಇಲ್ಲಿ ಓದುವ ಧಾಟಿಯಲ್ಲಿ ಬರೆದಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಯಾವಾಗ ಓಡುತ್ತದೆ, ಯಾರ ಹೆಸರಿನಲ್ಲಿ ಓಡುತ್ತದೆ

ಸ್ಕ್ರಿಪ್ಟ್ ಬರೆಯಲು ಕೂರುವ ಮೊದಲು ತಿಳಿದಿರಬೇಕಾದ ಸಂಗತಿಗಳು ಎರಡು: ಅದು ಯಾವ ಗಳಿಗೆಯಲ್ಲಿ ಓಡುತ್ತದೆ, ಮತ್ತು ಯಾವ ಖಾತೆಯ ಹೆಸರಿನಲ್ಲಿ ಓಡುತ್ತದೆ. ಈ ವಿಷಯದಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಸ್ಕ್ರಿಪ್ಟಿನ ತಪ್ಪುಗಳಲ್ಲ. ಸರಿಯಾದ ಸ್ಕ್ರಿಪ್ಟನ್ನು ತಪ್ಪು ಗಳಿಗೆಯಲ್ಲಿ ಓಡಿಸಿದ್ದರಿಂದ ಆದವು.

ವಿಂಡೋಸಿನ ಅನುಸ್ಥಾಪನೆಯನ್ನು ಮೈಕ್ರೋಸಾಫ್ಟ್ ಏಳು ಹಂತಗಳಾಗಿ ವಿಂಗಡಿಸಿದೆ. ನಮ್ಮ ಕೆಲಸಕ್ಕೆ ಬೇಕಾದವು ಮೂರು. ಪೆನ್‌ಡ್ರೈವಿನಿಂದ ಬೂಟ್ ಆಗಿ ಡಿಸ್ಕ್ ಆರಿಸುವವರೆಗಿನದು ವಿಂಡೋಸ್‌ಪಿಇ ಹಂತ. ಫೈಲ್‌ಗಳೆಲ್ಲ ಡಿಸ್ಕಿಗೆ ಇಳಿದು, ಯಂತ್ರ ಒಮ್ಮೆ ರೀಸ್ಟಾರ್ಟ್ ಆಗಿ, ಆ ಯಂತ್ರಕ್ಕೇ ಹೊಂದುವ ಹೆಸರು, ಡ್ರೈವರ್ ಮುಂತಾದವು ಕೂರುವುದು ಸ್ಪೆಷಲೈಸ್ ಹಂತದಲ್ಲಿ. ದೇಶ ಯಾವುದು, ಕೀಬೋರ್ಡ್ ಯಾವುದು, ಖಾತೆ ಯಾವುದು ಎಂದು ಕೇಳುವ ಪರದೆಗಳು ಬರುವುದು ಓಓಬಿಇ ಸಿಸ್ಟಮ್ ಎಂಬ ಕೊನೆಯ ಹಂತದಲ್ಲಿ. ಸ್ಪೆಷಲೈಸ್ ಹಂತದಲ್ಲಿ ಓಡುವ ಕಮಾಂಡ್‌ಗಳು ಸಿಸ್ಟಮ್ ಖಾತೆಯಲ್ಲಿ, ಅಂದರೆ ವಿಂಡೋಸ್ ತನ್ನ ಒಳಗಿನ ಕೆಲಸಗಳಿಗೆ ಇಟ್ಟುಕೊಂಡ ಖಾತೆಯಲ್ಲಿ, ಓಡುತ್ತವೆ. ಆ ಹೊತ್ತಿಗೆ ಬಳಕೆದಾರ ಎಂಬವನು ಇನ್ನೂ ಹುಟ್ಟಿಯೇ ಇರುವುದಿಲ್ಲ. ಸೆಟಪ್ ಮುಗಿದು ಲಾಗಿನ್ ಪರದೆ ಬರುವ ಮುನ್ನ ಸೆಟಪ್‌ಕಂಪ್ಲೀಟ್.ಸಿಎಂಡಿ ಎಂಬ ಫೈಲ್ ಇದ್ದರೆ ಅದು ಓಡುತ್ತದೆ. ಅದೂ ಸಿಸ್ಟಮ್ ಖಾತೆಯಲ್ಲೇ. ಮೊದಲ ಬಳಕೆದಾರ ಲಾಗಿನ್ ಆದ ಮೇಲೆ, ಸೆಟಪ್ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಬರೆದಿಡುವ ಆನ್ಸರ್ ಫೈಲಿನ ಫಸ್ಟ್‌ಲಾಗಾನ್‌ಕಮಾಂಡ್ಸ್ ಎಂಬ ಭಾಗದಲ್ಲಿ ಬರೆದವು ಓಡುತ್ತವೆ. ಇವು ಆ ಬಳಕೆದಾರನ ಹೆಸರಿನಲ್ಲಿ, ಒಂದೇ ಒಂದು ಸಲ. ಆತ ಅಡ್ಮಿನಿಸ್ಟ್ರೇಟರ್ಸ್ ಗುಂಪಿನವನಾಗಿದ್ದರೆ ಅನುಮತಿ ಕೇಳುವ ಕಿಟಕಿಯೂ ಬರದೆ ಪೂರ್ಣ ಅಧಿಕಾರದೊಂದಿಗೆ ಓಡುತ್ತವೆ.

ಈ ವ್ಯತ್ಯಾಸ ಪುಸ್ತಕದ ಮಾತಲ್ಲ. ಒಂದು ಕಾಲೇಜಿನ ಲ್ಯಾಬಿಗೆ ಯಂತ್ರಗಳನ್ನು ಸಿದ್ಧಪಡಿಸುವಾಗ ಕನ್ನಡ ಕೀಬೋರ್ಡ್ ಸೇರಿಸುವ ಕಮಾಂಡನ್ನು ನಾನು ಸೆಟಪ್‌ಕಂಪ್ಲೀಟ್ ಫೈಲಿನಲ್ಲಿ ಬರೆದಿದ್ದೆ. ಲಾಗ್ ನೋಡಿದರೆ ಒಂದೂ ತಪ್ಪಿಲ್ಲ, ಕಮಾಂಡ್ ಯಶಸ್ವಿಯಾಗಿದೆ. ಟಾಸ್ಕ್‌ಬಾರಿನ ಮೂಲೆ ನೋಡಿದರೆ ಕನ್ನಡದ ಸುಳಿವೇ ಇಲ್ಲ. ಭಾಷೆಗಳ ಪಟ್ಟಿ ಪ್ರತಿ ಬಳಕೆದಾರನಿಗೂ ಬೇರೆ ಬೇರೆಯಾಗಿ, ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಅವನವನ ಭಾಗದಲ್ಲಿ ಉಳಿಯುವಂಥದು. ನನ್ನ ಕಮಾಂಡ್ ಕನ್ನಡವನ್ನು ಸೇರಿಸಿದ್ದು ನಿಜ, ಆದರೆ ಯಾರೂ ಎಂದೂ ಲಾಗಿನ್ ಆಗದ ಸಿಸ್ಟಮ್ ಖಾತೆಗೆ. ಎಚ್‌ಕೆಇವೈ ಕರೆಂಟ್ ಯೂಸರ್ ಎಂದು ಆರಂಭವಾಗುವ ಯಾವ ರಿಜಿಸ್ಟ್ರಿ ಕೀಲಿಯನ್ನು ಅಲ್ಲಿ ಬರೆದರೂ ಗತಿ ಇದೇ.

ಸೆಟಪ್‌ಕಂಪ್ಲೀಟ್ ಬಗ್ಗೆ ಇನ್ನೊಂದು ಎಚ್ಚರಿಕೆ ಇದೆ. ತಯಾರಕರೇ ಒದಗಿಸುವ ಓಇಎಂ ಪ್ರಾಡಕ್ಟ್ ಕೀ ಬಳಸಿ ವಿಂಡೋಸ್ ಹಾಕಿದಾಗ ಎಂಟರ್‌ಪ್ರೈಸ್ ಆವೃತ್ತಿಗಳನ್ನು ಬಿಟ್ಟು ಉಳಿದವುಗಳಲ್ಲಿ ಆ ಫೈಲ್ ಓಡುವುದೇ ಇಲ್ಲ. ಅಂಗಡಿಯಿಂದ ತಂದ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಮದರ್‌ಬೋರ್ಡಿನಲ್ಲೇ ಕೂತಿರುತ್ತದೆ. ಆದ್ದರಿಂದ ಒಂದು ಯಂತ್ರದಲ್ಲಿ ಓಡಿದ ಸೆಟಪ್‌ಕಂಪ್ಲೀಟ್ ಇನ್ನೊಂದರಲ್ಲಿ ಮೌನವಾಗಿ ಉಳಿದರೆ ಮೊದಲು ಇದನ್ನೇ ಅನುಮಾನಿಸಬೇಕು. ಈ ಎರಡು ಕಾರಣಗಳಿಂದ ನಾನು ಈಗ ಬಹುತೇಕ ಎಲ್ಲವನ್ನೂ ಮೊದಲ ಲಾಗಿನ್‌ಗೇ ಬಿಡುತ್ತೇನೆ.

ಆನ್ಸರ್ ಫೈಲ್

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಇದಕ್ಕೆ ಸಾದಾ ಪಠ್ಯದ ಫೈಲ್ ಇತ್ತು. ಅದರಲ್ಲಿ ಜಿಯುಐರನ್‌ಒನ್ಸ್ ಎಂಬ ಭಾಗದ ಕೆಳಗೆ ಕಮಾಂಡ್‌ಗಳನ್ನು ಬರೆಯುತ್ತಿದ್ದರು. ವಿಸ್ಟಾದಿಂದ ಈಚೆಗೆ ಅದು ಎಕ್ಸ್‌ಎಂಎಲ್ ಆಯಿತು. ಇನ್‌ಸ್ಟಾಲ್ ಪೆನ್‌ಡ್ರೈವಿನ ಮೂಲ ಫೋಲ್ಡರಿನಲ್ಲಿ, ಅಂದರೆ ಯಾವ ಉಪಫೋಲ್ಡರಿನ ಒಳಗೂ ಅಲ್ಲದೆ, ಆಟೋಅನ್‌ಅಟೆಂಡ್.ಎಕ್ಸ್‌ಎಂಎಲ್ ಎಂಬ ಹೆಸರಿನ ಫೈಲ್ ಇದ್ದರೆ ಸೆಟಪ್ ಅದನ್ನು ತಾನೇ ಹುಡುಕಿ ಓದುತ್ತದೆ. ಮೈಕ್ರೋಸಾಫ್ಟಿನ ಎಡಿಕೆ ಎಂಬ ಸಲಕರಣೆಗಳ ಕಟ್ಟಿನ ಜೊತೆಗೆ ಬರುವ ವಿಂಡೋಸ್ ಸಿಸ್ಟಮ್ ಇಮೇಜ್ ಮ್ಯಾನೇಜರ್ ಬಳಸಿ ಇದನ್ನು ಸಿದ್ಧಪಡಿಸಬಹುದು. ಬರೆದದ್ದು ಸರಿಯಿದೆಯೇ ಎಂದು ಅದು ಪರಿಶೀಲಿಸಿಯೂ ಕೊಡುತ್ತದೆ. ರಚನೆ ಒಮ್ಮೆ ಅರ್ಥವಾದರೆ ನೋಟ್‌ಪ್ಯಾಡ್ ಸಾಕು.

ರಚನೆ ಹೀಗಿದೆ. ಎಲ್ಲವನ್ನೂ ಸುತ್ತುವರಿಯುವ ಅನ್‌ಅಟೆಂಡ್ ಟ್ಯಾಗ್; ಅದರೊಳಗೆ ಹಂತದ ಹೆಸರನ್ನು ಹೊತ್ತ ಸೆಟ್ಟಿಂಗ್ಸ್ ಟ್ಯಾಗ್, ನಮಗೆ ಬೇಕಾದದ್ದು ಓಓಬಿಇ ಸಿಸ್ಟಮ್; ಅದರೊಳಗೆ ಮೈಕ್ರೋಸಾಫ್ಟ್-ವಿಂಡೋಸ್-ಶೆಲ್-ಸೆಟಪ್ ಎಂಬ ಕಾಂಪೊನೆಂಟ್; ಅದರೊಳಗೆ ಫಸ್ಟ್‌ಲಾಗಾನ್‌ಕಮಾಂಡ್ಸ್; ಅದರೊಳಗೆ ಪ್ರತಿ ಕಮಾಂಡಿಗೂ ಒಂದು ಸಿಂಕ್ರೊನಸ್‌ಕಮಾಂಡ್. ಈ ಕೊನೆಯದರಲ್ಲಿ ಆರ್ಡರ್ ಎಂಬಲ್ಲಿ ಸರದಿಯ ಸಂಖ್ಯೆ, ಕಮಾಂಡ್‌ಲೈನ್ ಎಂಬಲ್ಲಿ ಓಡಿಸಬೇಕಾದ ಸಾಲು, ಡಿಸ್ಕ್ರಿಪ್ಷನ್ ಎಂಬಲ್ಲಿ ನಮ್ಮ ನೆನಪಿಗಾಗಿ ಒಂದು ವಿವರಣೆ ಇರುತ್ತವೆ. ಸಿಂಕ್ರೊನಸ್‌ಕಮಾಂಡ್ ಟ್ಯಾಗಿಗೆ ಡಬ್ಲ್ಯುಸಿಎಂ:ಆ್ಯಕ್ಷನ್ ಎಂಬ ಗುಣದಲ್ಲಿ ಆ್ಯಡ್ ಎಂದು ಬರೆಯುವುದನ್ನು ಮರೆಯಬಾರದು. ಕಾಂಪೊನೆಂಟಿನ ಪ್ರೊಸೆಸರ್‌ಆರ್ಕಿಟೆಕ್ಚರ್ ಎಂಬಲ್ಲಿ ಎಎಂಡಿ64 ಎಂದೇ ಇರಬೇಕು. ಯಂತ್ರದಲ್ಲಿರುವುದು ಇಂಟೆಲ್ ಪ್ರೊಸೆಸರ್ ತಾನೇ ಎಂದು ಇದನ್ನು ತಿದ್ದಲು ಹೋದವರನ್ನು ನಾನು ಬಲ್ಲೆ. 64 ಬಿಟ್‌ನ ಆ ಬಗೆಗೆ ಇಟ್ಟ ಹೆಸರೇ ಅದು, ಕಂಪನಿಗೂ ಅದಕ್ಕೂ ಇಲ್ಲಿ ಸಂಬಂಧವಿಲ್ಲ.

ಎಷ್ಟು ಕಮಾಂಡ್‌ಗಳನ್ನು ಬೇಕಾದರೂ ಇಲ್ಲಿ ಸಾಲಾಗಿ ಬರೆಯಬಹುದು, ಆದರೆ ನಾನು ಒಂದನ್ನೇ ಬರೆಯುತ್ತೇನೆ:

ಪವರ್‌ಶೆಲ್.ಇಎಕ್ಸ್‌ಇ -ನೋಪ್ರೊಫೈಲ್ -ಎಕ್ಸಿಕ್ಯೂಷನ್‌ಪಾಲಿಸಿ ಬೈಪಾಸ್ -ಫೈಲ್ ಸಿ:\ವಿಂಡೋಸ್\ಸೆಟಪ್\ಸ್ಕ್ರಿಪ್ಟ್ಸ್\ಮೊದಲು.ಪಿಎಸ್1

ಉಳಿದದ್ದೆಲ್ಲ ಆ ಸ್ಕ್ರಿಪ್ಟಿನೊಳಗೆ. ಹೀಗೆ ಮಾಡಿದರೆ ಯಾವುದು ಮೊದಲು, ಯಾವುದು ಆಮೇಲೆ, ಒಂದು ಸೋತರೆ ಮುಂದಿನದು ಓಡಬೇಕೇ ಬೇಡವೇ ಎಂಬ ನಿರ್ಧಾರಗಳೆಲ್ಲ ನಮ್ಮ ಕೈಯಲ್ಲೇ ಉಳಿಯುತ್ತವೆ. ಎಕ್ಸ್‌ಎಂಎಲ್ ಒಳಗೆ & ಮತ್ತು < ಚಿಹ್ನೆಗಳನ್ನು ನೇರವಾಗಿ ಬರೆದರೆ ಇಡೀ ಫೈಲೇ ಕೆಟ್ಟುಹೋಗುತ್ತದೆ; ಸ್ಕ್ರಿಪ್ಟಿನಲ್ಲಿ ಆ ಕಾಟವೂ ಇಲ್ಲ. ಎಕ್ಸಿಕ್ಯೂಷನ್‌ಪಾಲಿಸಿ ಬೈಪಾಸ್ ಎಂದು ಬರೆಯುವುದು ಕಡ್ಡಾಯ, ಏಕೆಂದರೆ ಹೊಸದಾಗಿ ಹಾಕಿದ ವಿಂಡೋಸ್ 10 ಅಥವಾ 11ರಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್ ಫೈಲ್‌ಗಳು ಓಡದಂತೆ ಮೊದಲೇ ತಡೆ ಇರುತ್ತದೆ. ಬೈಪಾಸ್ ಆ ಒಂದು ಓಟಕ್ಕೆ ಮಾತ್ರ ತಡೆಯನ್ನು ಸರಿಸುತ್ತದೆ, ಯಂತ್ರದ ಸೆಟ್ಟಿಂಗನ್ನು ಬದಲಿಸುವುದಿಲ್ಲ.

ಮೊದಲ ಲಾಗಿನ್ ಕೂಡ ತಾನಾಗಿ ಆಗಬೇಕಾದರೆ ಅದೇ ಕಾಂಪೊನೆಂಟಿನಲ್ಲಿ ಇನ್ನೆರಡು ಭಾಗಗಳು ಬೇಕು. ಯೂಸರ್‌ಅಕೌಂಟ್ಸ್ ಒಳಗಿನ ಲೋಕಲ್‌ಅಕೌಂಟ್ಸ್ ಭಾಗದಲ್ಲಿ ಒಂದು ಸ್ಥಳೀಯ ಖಾತೆಯನ್ನು ಸೃಷ್ಟಿಸಿ, ಅದನ್ನು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಸೇರಿಸಬೇಕು. ಆಟೋಲಾಗಾನ್ ಭಾಗದಲ್ಲಿ ಆ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟು, ಲಾಗಾನ್‌ಕೌಂಟ್ ಎಂಬಲ್ಲಿ 1 ಎಂದು ಬರೆಯಬೇಕು. ಲೈಸೆನ್ಸ್ ಒಪ್ಪಿಗೆಯ ಪುಟ, ವೈಫೈ ಪುಟ ಮುಂತಾದವನ್ನು ಮರೆಮಾಡಲು ಓಓಬಿಇ ಎಂಬ ಭಾಗ ಇದೆ.

ಒಂದನ್ನು ಮಾತ್ರ ಬರೆಯಬೇಡಿರೆಂದು ಹೇಳುತ್ತೇನೆ. ಡಿಸ್ಕನ್ನು ಅಳಿಸಿ ಪಾರ್ಟಿಷನ್ ಮಾಡುವ ಡಿಸ್ಕ್‌ಕಾನ್ಫಿಗರೇಷನ್ ಭಾಗವನ್ನು ಕೂಡ ಇದೇ ಫೈಲಿನಲ್ಲಿ ಸೇರಿಸಲು ಸಾಧ್ಯ. ಹಾಗೆ ಸೇರಿಸಿದ ಪೆನ್‌ಡ್ರೈವ್ ಮೇಜಿನ ಮೇಲೆ ಇದ್ದು, ಯಾರೋ ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ ರೀಸ್ಟಾರ್ಟ್ ಮಾಡಿ ಅದರಿಂದಲೇ ಬೂಟ್ ಆಯಿತೆಂದರೆ, ಒಂದು ಮಾತೂ ಕೇಳದೆ ಅವರ ಡಿಸ್ಕ್ ಖಾಲಿಯಾಗುತ್ತದೆ. ಡಿಸ್ಕ್ ಆರಿಸುವ ಪರದೆಯಲ್ಲಿ ಮನುಷ್ಯನೊಬ್ಬ ಕುಳಿತಿರುವುದೇ ಕ್ಷೇಮ. ಅದಕ್ಕೆ ಹಿಡಿಯುವುದು ಅರ್ಧ ನಿಮಿಷ.

ಸ್ಕ್ರಿಪ್ಟನ್ನು ಯಂತ್ರದೊಳಗೆ ಇಳಿಸುವುದು

ಮೇಲಿನ ಕಮಾಂಡ್ ಸಿ ಡ್ರೈವಿನಲ್ಲಿರುವ ಫೈಲನ್ನು ಕರೆಯುತ್ತದೆ. ಆ ಫೈಲ್ ಅಲ್ಲಿಗೆ ಬರುವುದು ಹೇಗೆ? ಪೆನ್‌ಡ್ರೈವಿನಿಂದಲೇ ನೇರವಾಗಿ ಓಡಿಸಬಹುದೆನಿಸುತ್ತದೆ, ಆದರೆ ಒಂದು ಯಂತ್ರದಲ್ಲಿ ಪೆನ್‌ಡ್ರೈವ್ ಡಿ ಆಗಿದ್ದರೆ ಇನ್ನೊಂದರಲ್ಲಿ ಎಫ್ ಆಗಿರುತ್ತದೆ. ಅಷ್ಟು ಹೊತ್ತಿಗೆ ಯಾರಾದರೂ ಅದನ್ನು ಕಿತ್ತು ಮುಂದಿನ ಯಂತ್ರಕ್ಕೆ ಹಾಕಿರಲೂಬಹುದು. ಇದಕ್ಕೆ ಹಳೆಯದಾದರೂ ಗಟ್ಟಿಯಾದ ದಾರಿಯೊಂದಿದೆ. ಪೆನ್‌ಡ್ರೈವಿನ ಸೋರ್ಸಸ್ ಫೋಲ್ಡರಿನೊಳಗೆ $ಓಇಎಂ$ ಎಂಬ ಫೋಲ್ಡರ್ ಮಾಡಬೇಕು. ಅದರೊಳಗೆ $$ ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟದ್ದು ವಿಂಡೋಸ್ ಫೋಲ್ಡರಿಗೆ ಹೋಗುತ್ತದೆ. $1 ಎಂಬ ಹೆಸರಿನ ಫೋಲ್ಡರಿನಲ್ಲಿ ಇಟ್ಟದ್ದು ಸಿ ಡ್ರೈವಿನ ಮೂಲಕ್ಕೆ ಹೋಗುತ್ತದೆ. ಹಾಗಾಗಿ $$ ಒಳಗೆ ಸೆಟಪ್, ಅದರೊಳಗೆ ಸ್ಕ್ರಿಪ್ಟ್ಸ್ ಎಂಬ ಫೋಲ್ಡರ್ ಮಾಡಿ ಸ್ಕ್ರಿಪ್ಟನ್ನು ಅಲ್ಲಿಡಬೇಕು. ಲಿಬ್ರೆಆಫೀಸಿನಂಥ ದೊಡ್ಡ ಇನ್‌ಸ್ಟಾಲರ್‌ಗಳನ್ನು $1 ಒಳಗೆ ಒಂದು ತಾತ್ಕಾಲಿಕ ಫೋಲ್ಡರಿನಲ್ಲಿ ಇಟ್ಟು, ಕೆಲಸ ಮುಗಿದ ಮೇಲೆ ಸ್ಕ್ರಿಪ್ಟಿನಿಂದಲೇ ಅಳಿಸಬಹುದು.

ಒಂದು ಯಂತ್ರವನ್ನು ಸಜ್ಜುಗೊಳಿಸಿ, ಅದನ್ನು ನಕಲಿಗೆ ಅಣಿಮಾಡುವ ಸಿಸ್‌ಪ್ರೆಪ್ ಓಡಿಸಿ, ಅದರ ಇಮೇಜನ್ನೇ (ಡಿಸ್ಕಿನ ಇಡೀ ಪ್ರತಿ) ಉಳಿದ ಯಂತ್ರಗಳಿಗೆ ಹಂಚುವವರು ಸ್ಕ್ರಿಪ್ಟನ್ನು ಇಮೇಜಿನಲ್ಲೇ ಇಟ್ಟು, ಸಿಸ್‌ಪ್ರೆಪ್ ಕಮಾಂಡಿಗೆ ಜನರಲೈಸ್, ಓಓಬಿಇ ಆಯ್ಕೆಗಳ ಜೊತೆಗೆ ಅನ್‌ಅಟೆಂಡ್ ಆಯ್ಕೆಯಲ್ಲಿ ಆನ್ಸರ್ ಫೈಲಿನ ದಾರಿಯನ್ನು ಕೊಟ್ಟರೆ ಆಯಿತು. ಮುಂದಿನದೆಲ್ಲ ಒಂದೇ.

ಸ್ಕ್ರಿಪ್ಟಿನ ಒಳಗೆ

ಮೊದಲ ಸಾಲು ಲಾಗ್ ಆಗಿರಬೇಕು. ಸ್ಟಾರ್ಟ್-ಟ್ರಾನ್ಸ್‌ಕ್ರಿಪ್ಟ್ ಎಂಬ ಕಮಾಂಡಿಗೆ ಪ್ರೋಗ್ರಾಂಡೇಟಾ ಫೋಲ್ಡರಿನೊಳಗಿನ ಒಂದು ಫೈಲಿನ ಹೆಸರು ಕೊಟ್ಟರೆ, ಪರದೆಯ ಮೇಲೆ ಬರುವುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುವುದನ್ನು ಮಾತ್ರ ಕಂಡು, ಏನಾಯಿತೆಂದು ಊಹಿಸುತ್ತಾ ಕೂರುವ ಕಷ್ಟ ಆಗ ಇರುವುದಿಲ್ಲ.

ಎರಡನೆಯದಾಗಿ, ಸ್ಕ್ರಿಪ್ಟ್ ಓಡುವಾಗ ಅದು ತಾನಿರುವ ಫೋಲ್ಡರಿನಲ್ಲೇ ನಿಂತಿದೆಯೆಂದು ಭಾವಿಸಬಾರದು. ಸಾಮಾನ್ಯವಾಗಿ ಅದು ಸಿಸ್ಟಮ್32ರಲ್ಲಿ ನಿಂತಿರುತ್ತದೆ. ಆದ್ದರಿಂದ ಫೈಲ್‌ಗಳನ್ನು ಪೂರ್ಣ ದಾರಿಯಿಂದಲೇ ಕರೆಯಬೇಕು, ಅಥವಾ $ಪಿಎಸ್‌ಸ್ಕ್ರಿಪ್ಟ್‌ರೂಟ್ ಎಂಬ ಸಿದ್ಧ ಚರವನ್ನು ಬಳಸಬೇಕು.

ಎಂಎಸ್‌ಐ ರೂಪದ ಇನ್‌ಸ್ಟಾಲರ್‌ಗಳಿಗೆ ಎಂಎಸ್‌ಐಎಕ್ಸೆಕ್ ಕಮಾಂಡಿನಲ್ಲಿ /ಐ ಆದ ಮೇಲೆ ಫೈಲಿನ ಹೆಸರು, ನಂತರ /ಕ್ಯುಎನ್ ಮತ್ತು /ನೋರೀಸ್ಟಾರ್ಟ್ ಎಂದು ಕೊಟ್ಟರೆ ಯಾವ ಪ್ರಶ್ನೆಯೂ ಇಲ್ಲದೆ ಇನ್‌ಸ್ಟಾಲ್ ಆಗುತ್ತವೆ. ಇದನ್ನು ಸ್ಟಾರ್ಟ್-ಪ್ರೊಸೆಸ್ ಮೂಲಕ ವೇಟ್ ಮತ್ತು ಪಾಸ್‌ಥ್ರೂ ಆಯ್ಕೆಗಳೊಂದಿಗೆ ಓಡಿಸಿ, ಮುಗಿದ ಮೇಲೆ ಬರುವ ಎಕ್ಸಿಟ್ ಕೋಡನ್ನು ಲಾಗಿಗೆ ಬರೆಯಬೇಕು. 0 ಬಂದರೆ ಸರಿ. 3010 ಬಂದರೂ ಸರಿಯೇ. ಇನ್‌ಸ್ಟಾಲ್ ಆಗಿದೆ, ಆದರೆ ರೀಸ್ಟಾರ್ಟ್ ಬೇಕು ಎಂದರ್ಥ. ಇದನ್ನು ಸೋಲೆಂದು ತಿಳಿದು ಸ್ಕ್ರಿಪ್ಟನ್ನು ನಿಲ್ಲಿಸಿಬಿಡುವ ತಪ್ಪು ಬಹಳ ಕಡೆ ಕಾಣುತ್ತದೆ. 1618 ಬಂದರೆ ಬೇರೊಂದು ಇನ್‌ಸ್ಟಾಲ್ ಆಗಲೇ ನಡೆಯುತ್ತಿದೆಯೆಂದು. ಹೊಸ ವಿಂಡೋಸ್ ಮೊದಲ ನಿಮಿಷಗಳಲ್ಲಿ ಹಿನ್ನೆಲೆಯಲ್ಲಿ ತನ್ನದೇ ಕೆಲಸಗಳಲ್ಲಿ ಮುಳುಗಿರುವುದರಿಂದ ಇದು ಬರುವ ಸಂಭವ ಉಂಟು. ಮೂವತ್ತು ಸೆಕೆಂಡ್ ತಡೆದು ಮತ್ತೆ ಪ್ರಯತ್ನಿಸುವಂತೆ ಒಂದು ಚಿಕ್ಕ ಲೂಪ್ ಬರೆದರೆ ಸಾಕು.

ಇಂಟರ್ನೆಟ್ಟಿನಿಂದ ತಂತ್ರಾಂಶ ತಂದು ಹಾಕುವ ಮೈಕ್ರೋಸಾಫ್ಟಿನ ವಿನ್‌ಗೆಟ್ ಕಮಾಂಡನ್ನು ಬಳಸುವವರಿಗೆ ಇಲ್ಲೊಂದು ಹಳ್ಳವಿದೆ. ವಿಂಡೋಸ್ 11ರಲ್ಲಿ ವಿನ್‌ಗೆಟ್ ಇದೆ ಎಂಬುದು ನಿಜವಾದರೂ, ಬಳಕೆದಾರ ಮೊದಲ ಸಲ ಲಾಗಿನ್ ಆದ ಮೇಲೆ ಮೈಕ್ರೋಸಾಫ್ಟ್ ಸ್ಟೋರ್ ಹಿನ್ನೆಲೆಯಲ್ಲಿ ಅದನ್ನು ನೋಂದಾಯಿಸುವವರೆಗೆ ಆ ಕಮಾಂಡ್ ಸಿಗುವುದಿಲ್ಲ. ನಮ್ಮ ಸ್ಕ್ರಿಪ್ಟ್ ಓಡುವುದು ಸರಿಯಾಗಿ ಅದೇ ಗಳಿಗೆಯಲ್ಲಿ. ಆದ್ದರಿಂದ ಕಮಾಂಡ್ ಸಿಗುತ್ತಿದೆಯೇ ಎಂದು ಗೆಟ್-ಕಮಾಂಡ್ ಮೂಲಕ ಹತ್ತು ಸೆಕೆಂಡಿಗೊಮ್ಮೆ ನೋಡುತ್ತಾ ಐದು ನಿಮಿಷದವರೆಗೆ ಕಾಯಬೇಕು, ಅಥವಾ ಆ್ಯಡ್-ಆ್ಯಪ್‌ಎಕ್ಸ್‌ಪ್ಯಾಕೇಜ್ ಕಮಾಂಡಿನ ರಿಜಿಸ್ಟರ್‌ಬೈಫ್ಯಾಮಿಲಿನೇಮ್ ಆಯ್ಕೆಯಿಂದ ವಿನ್‌ಗೆಟ್ ಒಳಗೊಂಡಿರುವ ಆ್ಯಪ್ ಇನ್‌ಸ್ಟಾಲರನ್ನು ನಾವೇ ನೋಂದಾಯಿಸಿಕೊಳ್ಳಬೇಕು. ಇಂಟರ್ನೆಟ್ಟಿಗೂ ಇದೇ ಮಾತು: ವೈಫೈ ಪುಟವನ್ನು ಮರೆಮಾಡಿದ ಮೇಲೆ ಸ್ಕ್ರಿಪ್ಟ್ ಓಡುವಾಗ ಸಂಪರ್ಕ ಎಲ್ಲಿಂದ ಬರುತ್ತದೆ ಎಂದು ಯೋಚಿಸಿರಬೇಕು. ಕೇಬಲ್ ಇಲ್ಲದ ಜಾಗಗಳಲ್ಲಿ, ಇದ್ದರೂ ನಿಧಾನವಾಗಿರುವ ಜಾಗಗಳಲ್ಲಿ, ಇನ್‌ಸ್ಟಾಲರ್‌ಗಳನ್ನು ಪೆನ್‌ಡ್ರೈವಿನಲ್ಲೇ ಒಯ್ಯುವುದು ವಾಸಿ. ಇಪ್ಪತ್ತು ಯಂತ್ರಗಳು ಒಂದೇ ಸಲ ಅದೇ ಮುನ್ನೂರು ಎಂಬಿ ಫೈಲನ್ನು ಎಳೆಯತೊಡಗಿದರೆ ಊರಿನ ಬ್ರಾಡ್‌ಬ್ಯಾಂಡ್ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ಇನ್ನು ಕನ್ನಡದ ಕೆಲಸ. ನ್ಯೂ-ವಿನ್‌ಯೂಸರ್‌ಲ್ಯಾಂಗ್ವೇಜ್‌ಲಿಸ್ಟ್ ಕಮಾಂಡಿಗೆ ಇಎನ್-ಐಎನ್ ಎಂದು ಕೊಟ್ಟು ಪಟ್ಟಿಯೊಂದನ್ನು ಮಾಡಿ, ಅದರ ಆ್ಯಡ್ ಮೂಲಕ ಕೆಎನ್-ಐಎನ್ ಸೇರಿಸಿ, ಸೆಟ್-ವಿನ್‌ಯೂಸರ್‌ಲ್ಯಾಂಗ್ವೇಜ್‌ಲಿಸ್ಟ್ ಕಮಾಂಡಿಗೆ ಆ ಪಟ್ಟಿಯನ್ನು ಫೋರ್ಸ್ ಆಯ್ಕೆಯೊಂದಿಗೆ ಒಪ್ಪಿಸಿದರೆ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಕನ್ನಡ ಪಡೆಯುವ ಫೋನೆಟಿಕ್ ಕೀಬೋರ್ಡ್ 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಸೇರಿದೆ. ನುಡಿ ವಿನ್ಯಾಸ ಬೇಕಾದವರು ಅದರ ತಂತ್ರಾಂಶವನ್ನು ಬೇರೆಯಾಗಿ ಹಾಕಬೇಕು. ಸೆಟ್-ವಿನ್‌ಹೋಮ್‌ಲೊಕೇಷನ್ ಕಮಾಂಡಿಗೆ ಭಾರತದ ಸಂಖ್ಯೆ 113. ಟೈಮ್ ಜೋನ್ ಮಾತ್ರ ಇಡೀ ಯಂತ್ರಕ್ಕೆ ಸಂಬಂಧಿಸಿದ್ದು. ಇಂಡಿಯಾ ಸ್ಟ್ಯಾಂಡರ್ಡ್ ಟೈಮ್ ಎಂಬ ಹೆಸರನ್ನು ಆನ್ಸರ್ ಫೈಲಿನ ಟೈಮ್‌ಜೋನ್ ಎಂಬಲ್ಲೇ ಬರೆದುಬಿಡಬಹುದು.

ಸ್ಕ್ರಿಪ್ಟಿನೊಳಗೆ ಕನ್ನಡದ ಸಂದೇಶಗಳನ್ನು ಬರೆಯುವ ಆಸೆ ನನಗೂ ಇತ್ತು. "ಕೆಲಸ ಮುಗಿದಿದೆ" ಎಂದು ಬರೆದದ್ದು ಪರದೆಯ ಮೇಲೆ ಯಾವುದೋ ಯುರೋಪಿನ ಅಕ್ಷರಗಳ ರಾಶಿಯಾಗಿ ಕಂಡಿತು. ವಿಂಡೋಸ್ ಜೊತೆಗೇ ಬರುವುದು ಪವರ್‌ಶೆಲ್ 5.1, ಫೈಲಿನ ಆರಂಭದಲ್ಲಿ ಬಿಓಎಂ ಎಂಬ ಗುರುತು ಇಲ್ಲದಿದ್ದರೆ ಅದು ಯುಟಿಎಫ್-8 ಫೈಲನ್ನೂ ಹಳೆಯ ಆನ್ಸಿ ಸಂಕೇತದಲ್ಲಿ ಓದುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಬಿಓಎಂ ಸಹಿತವಾದ ಯುಟಿಎಫ್-8 ಆರಿಸಿದರೆ ಅಕ್ಷರಗಳು ಕೆಡುವುದಿಲ್ಲ. ಕಪ್ಪು ಕಿಟಕಿಯ ಫಾಂಟಿನಲ್ಲಿ ಒತ್ತಕ್ಷರಗಳು ಆಗಲೂ ಅಂದವಾಗಿ ಕೂರುವುದಿಲ್ಲ. ಅದಕ್ಕೆ ಸಂದೇಶವನ್ನು ಲಾಗ್ ಫೈಲಿಗೆ ಬರೆದು ನೋಟ್‌ಪ್ಯಾಡಿನಲ್ಲಿ ತೆರೆಯುವುದೇ ಮೇಲು.

ಮೊದಲ ಬಳಕೆದಾರನಿಗಷ್ಟೇ ಅಲ್ಲ, ಎಲ್ಲರಿಗೂ

ಫಸ್ಟ್‌ಲಾಗಾನ್‌ಕಮಾಂಡ್ಸ್ ಓಡುವುದು ಯಂತ್ರದ ಮೊದಲ ಲಾಗಿನ್‌ನಲ್ಲಿ. ನಾಳೆ ವಿದ್ಯಾರ್ಥಿಯ ಖಾತೆಯಲ್ಲಿ ಲಾಗಿನ್ ಆದವನಿಗೆ ಕನ್ನಡ ಕೀಬೋರ್ಡ್ ಇರುವುದಿಲ್ಲ, ಏಕೆಂದರೆ ಅವನ ರಿಜಿಸ್ಟ್ರಿ ಭಾಗ ಬೇರೆ. ಪ್ರತಿ ಹೊಸ ಬಳಕೆದಾರನ ಮೊದಲ ಲಾಗಿನ್‌ನಲ್ಲೂ ಒಂದು ಸ್ಕ್ರಿಪ್ಟ್ ಓಡಬೇಕಾದರೆ ಎರಡು ದಾರಿಗಳಿವೆ.

ಒಂದು, ಹೊಸ ಬಳಕೆದಾರರಿಗೆಲ್ಲ ಅಚ್ಚಾಗಿ ನಿಲ್ಲುವ ಡೀಫಾಲ್ಟ್ ಪ್ರೊಫೈಲನ್ನು ತಿದ್ದುವುದು. ಸಿ:\ಯೂಸರ್ಸ್\ಡೀಫಾಲ್ಟ್ ಫೋಲ್ಡರಿನಲ್ಲಿರುವ ಎನ್‌ಟಿಯೂಸರ್.ಡ್ಯಾಟ್ ಫೈಲನ್ನು ರೆಜ್ ಲೋಡ್ ಕಮಾಂಡಿನಿಂದ ರಿಜಿಸ್ಟ್ರಿಗೆ ಏರಿಸಿ, ಅದರ ರನ್‌ಒನ್ಸ್ ಕೀಲಿಯಲ್ಲಿ ನಮ್ಮ ಕಮಾಂಡನ್ನು ಬರೆದು, ರೆಜ್ ಅನ್‌ಲೋಡ್ ಮಾಡಬೇಕು. ಆ ಮೇಲೆ ಹುಟ್ಟುವ ಪ್ರತಿ ಪ್ರೊಫೈಲಿಗೂ ಆ ಸಾಲು ಬಳುವಳಿಯಾಗಿ ಬರುತ್ತದೆ, ಒಂದು ಸಲ ಓಡಿ ಅಳಿಸಿಹೋಗುತ್ತದೆ. ಅನ್‌ಲೋಡ್ ಮಾಡಲು ಮರೆತರೆ ಅಥವಾ ಯಾವುದೋ ಕಿಟಕಿ ಆ ಕೀಲಿಯನ್ನು ಹಿಡಿದುಕೊಂಡಿದ್ದರೆ ಹೊಸ ಪ್ರೊಫೈಲ್‌ಗಳ ಸೃಷ್ಟಿಯೇ ಎಡವಬಹುದು, ಆದ್ದರಿಂದ ಅನ್‌ಲೋಡ್ ಆಯಿತೇ ಎಂಬುದನ್ನು ಲಾಗಿನಲ್ಲಿ ನೋಡಿಕೊಳ್ಳಬೇಕು. ರನ್‌ಒನ್ಸ್ ಕೀಲಿಯ ಸ್ವಭಾವವನ್ನೂ ತಿಳಿದಿರಬೇಕು: ಕಮಾಂಡ್ ಓಡುವ ಮೊದಲೇ ಅದರ ಸಾಲು ಅಳಿದಿರುತ್ತದೆ. ಓಟದ ನಡುವೆ ವಿದ್ಯುತ್ ಹೋದರೆ ಮತ್ತೆ ಪ್ರಯತ್ನಿಸುವುದಿಲ್ಲ. ಆ ಸಾಲಿನ ಹೆಸರಿನ ಆರಂಭದಲ್ಲಿ ! ಚಿಹ್ನೆ ಇಟ್ಟರೆ ಓಡಿ ಮುಗಿದ ಮೇಲಷ್ಟೇ ಅಳಿಯುತ್ತದೆ.

ಇನ್ನೊಂದು ದಾರಿ ಆ್ಯಕ್ಟಿವ್ ಸೆಟಪ್. ಎಚ್‌ಕೆಇವೈ ಲೋಕಲ್ ಮಷಿನ್ ಕೆಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆ್ಯಕ್ಟಿವ್ ಸೆಟಪ್, ಇನ್‌ಸ್ಟಾಲ್ಡ್ ಕಾಂಪೊನೆಂಟ್ಸ್ ಎಂಬ ಕೀಲಿಯೊಳಗೆ ನಮ್ಮದೇ ವಿಶಿಷ್ಟ ಹೆಸರಿನ ಉಪಕೀಲಿ ಮಾಡಿ, ಸ್ಟಬ್‌ಪಾತ್ ಎಂಬಲ್ಲಿ ಕಮಾಂಡನ್ನೂ ವರ್ಷನ್ ಎಂಬಲ್ಲಿ 1,0 ಎಂದೂ ಬರೆಯಬೇಕು. ನಡುವೆ ಇರುವುದು ಚುಕ್ಕಿಯಲ್ಲ, ಅಲ್ಪವಿರಾಮ. ಲಾಗಿನ್ ಆಗುವ ಪ್ರತಿ ಬಳಕೆದಾರನ ಭಾಗದಲ್ಲಿ ಇದೇ ಹೆಸರಿನ ಗುರುತು ಇದೆಯೇ ಎಂದು ವಿಂಡೋಸ್ ಹೋಲಿಸಿ ನೋಡಿ, ಇಲ್ಲದಿದ್ದರೆ ಕಮಾಂಡ್ ಓಡಿಸಿ ಗುರುತು ಹಾಕುತ್ತದೆ. ಇದರ ಹೆಚ್ಚುಗಾರಿಕೆ ಇರುವುದು ವರ್ಷನ್‌ನಲ್ಲಿ: ಆರು ತಿಂಗಳ ನಂತರ ಸ್ಕ್ರಿಪ್ಟ್ ಬದಲಾಯಿಸಿ ಸಂಖ್ಯೆಯನ್ನು 2,0 ಮಾಡಿದರೆ ಹಳೆಯ ಬಳಕೆದಾರರಿಗೂ ಮುಂದಿನ ಲಾಗಿನ್‌ನಲ್ಲಿ ಮತ್ತೊಮ್ಮೆ ಓಡುತ್ತದೆ. ಲ್ಯಾಬ್‌ಗಳಿಗೆ ನಾನು ಆರಿಸುವುದು ಇದನ್ನೇ. ಎರಡೂ ದಾರಿಗಳಲ್ಲಿ ಸ್ಕ್ರಿಪ್ಟಿಗೆ ಇರುವುದು ಆ ಬಳಕೆದಾರನ ಅಧಿಕಾರ ಮಾತ್ರ, ಆದ್ದರಿಂದ ತಂತ್ರಾಂಶ ಹಾಕುವ ಕೆಲಸವನ್ನು ಇಲ್ಲಿ ಇಡಬಾರದು.

ನಡುವೆ ರೀಸ್ಟಾರ್ಟ್ ಬೇಕಾದರೆ

ಕೆಲವು ಡ್ರೈವರ್‌ಗಳು ರೀಸ್ಟಾರ್ಟ್ ಇಲ್ಲದೆ ಮುಂದುವರಿಯಲು ಬಿಡುವುದಿಲ್ಲ. ಆಗ ಮೊದಲ ಸ್ಕ್ರಿಪ್ಟ್ ತನ್ನ ಭಾಗ ಮುಗಿಸಿ, ಎರಡನೆಯ ಸ್ಕ್ರಿಪ್ಟಿಗಾಗಿ ಎಸ್‌ಸಿಎಚ್‌ಟಾಸ್ಕ್ಸ್ ಕಮಾಂಡಿನಿಂದ ಲಾಗಿನ್ ಆದಾಗ ಓಡುವ ಟಾಸ್ಕ್ ಒಂದನ್ನು ಅತ್ಯುನ್ನತ ಅಧಿಕಾರದೊಂದಿಗೆ ಸೃಷ್ಟಿಸಿ, ನಂತರ ರೀಸ್ಟಾರ್ಟ್ ಮಾಡಬೇಕು. ಎರಡನೆಯ ಸ್ಕ್ರಿಪ್ಟಿನ ಮೊದಲ ಕೆಲಸವೇ ಆ ಟಾಸ್ಕನ್ನು ಅಳಿಸುವುದು. ಕೊನೆಯಲ್ಲಿ ಅಳಿಸೋಣವೆಂದು ಬಿಟ್ಟರೆ, ನಡುವೆ ಮತ್ತೆ ರೀಸ್ಟಾರ್ಟ್ ಆಗಿ, ಯಂತ್ರ ಸುತ್ತಿದ್ದೇ ಸುತ್ತುವ ಪರಿಸ್ಥಿತಿ ಬರುತ್ತದೆ. ತಾನಾಗಿ ಆಗುವ ಲಾಗಿನ್ ಎರಡು ಸಲ ಬೇಕಾಗುವುದರಿಂದ ಲಾಗಾನ್‌ಕೌಂಟ್ 2 ಆಗಿರಬೇಕು.

ಪಾಸ್‌ವರ್ಡಿನ ವಿಷಯ

ಸಿಸ್ಟಮ್ ಇಮೇಜ್ ಮ್ಯಾನೇಜರ್ ಪಾಸ್‌ವರ್ಡನ್ನು ಮರೆಮಾಡಿ ಉಳಿಸುತ್ತದೆ ಎಂದು ನಂಬಿ ನೆಮ್ಮದಿಯಾಗಿರಬಾರದು. ಅದು ಮಾಡುವುದು ಬೇಸ್64 ರೂಪಾಂತರ, ಗೂಢಲಿಪೀಕರಣವಲ್ಲ. ಯಾರು ಬೇಕಾದರೂ ಒಂದೇ ಸಾಲಿನಲ್ಲಿ ಬಿಡಿಸಬಹುದು. ವಿಂಡೋಸ್ ತನ್ನ ಪ್ಯಾಂಥರ್ ಫೋಲ್ಡರಿನಲ್ಲಿ ಉಳಿಸಿಕೊಳ್ಳುವ ಆನ್ಸರ್ ಫೈಲಿನ ಪ್ರತಿಯಿಂದ ಪಾಸ್‌ವರ್ಡನ್ನು ಅಳಿಸುತ್ತದೆ ನಿಜ, ಆದರೆ ಪೆನ್‌ಡ್ರೈವಿನಲ್ಲಿರುವ ಮೂಲ ಹಾಗೇ ಇರುತ್ತದೆ. ಆದ್ದರಿಂದ ಆನ್ಸರ್ ಫೈಲಿನಲ್ಲಿ ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು, ಕೊನೆಯಲ್ಲಿ ನಿಜವಾದದ್ದನ್ನು ಕೈಯಿಂದ ಟೈಪ್ ಮಾಡಿ ಬದಲಾಯಿಸುವುದು ಒಳ್ಳೆಯದು. ಸ್ಕ್ರಿಪ್ಟ್ ಮುಗಿದ ಮೇಲೆ ರಿಜಿಸ್ಟ್ರಿಯ ವಿನ್‌ಲಾಗಾನ್ ಕೀಲಿಯಲ್ಲಿ ಆಟೋಅಡ್ಮಿನ್‌ಲಾಗಾನ್ 0 ಆಗಿದೆಯೇ, ಡೀಫಾಲ್ಟ್‌ಪಾಸ್‌ವರ್ಡ್ ಎಂಬ ಸಾಲು ಉಳಿದಿದೆಯೇ ಎಂದು ನೋಡಬೇಕು, ಉಳಿದಿದ್ದರೆ ಅಳಿಸಬೇಕು.

ಪರೀಕ್ಷೆ ಮತ್ತು ದೋಷ ಹುಡುಕುವುದು

ನಿಜವಾದ ಯಂತ್ರದಲ್ಲಿ ಮೊದಲ ಪರೀಕ್ಷೆ ಮಾಡಬೇಡಿ. ಹೈಪರ್-ವಿ ಅಥವಾ ವರ್ಚುವಲ್‌ಬಾಕ್ಸಿನಲ್ಲಿ ಒಂದು ವರ್ಚುವಲ್ ಯಂತ್ರ ಮಾಡಿ, ವಿಂಡೋಸಿನ ಐಎಸ್‌ಓ ಒಂದು ಡಿವಿಡಿ ಡ್ರೈವಿನಲ್ಲೂ ಆನ್ಸರ್ ಫೈಲ್ ಇರುವ ಪುಟ್ಟ ಐಎಸ್‌ಓ ಇನ್ನೊಂದರಲ್ಲೂ ಇರುವಂತೆ ಜೋಡಿಸಿದರೆ ಸೆಟಪ್ ಎರಡನೆಯದನ್ನೂ ಹುಡುಕಿ ಓದುತ್ತದೆ. ದೇಶ ಕೇಳುವ ಪರದೆ ಬರುವ ಹೊತ್ತಿಗೆ ಒಂದು ಚೆಕ್‌ಪಾಯಿಂಟ್ (ಯಂತ್ರದ ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದಿಟ್ಟರೆ ಪ್ರತಿ ಸಲ ಮೊದಲಿಂದ ಇನ್‌ಸ್ಟಾಲ್ ಮಾಡುವುದು ತಪ್ಪುತ್ತದೆ. ಸ್ಕ್ರಿಪ್ಟನ್ನಷ್ಟೇ ಪರೀಕ್ಷಿಸಲು, ಹೋಮ್ ಬಿಟ್ಟು ಉಳಿದ ಆವೃತ್ತಿಗಳಲ್ಲಿರುವ ವಿಂಡೋಸ್ ಸ್ಯಾಂಡ್‌ಬಾಕ್ಸ್ ಸಾಕು; ಅದರ ಕಾನ್ಫಿಗರೇಷನ್ ಫೈಲಿನಲ್ಲಿ ಲಾಗಾನ್‌ಕಮಾಂಡ್ ಎಂಬ ಭಾಗವೇ ಇದೆ, ಮುಚ್ಚಿದ ಕೂಡಲೇ ಎಲ್ಲ ಅಳಿದುಹೋಗುತ್ತದೆ.

ಏನೂ ಓಡದಿದ್ದರೆ ಮೊದಲು ಫೈಲಿನ ಹೆಸರು ನೋಡಿ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲ್ ನಿಜವಾಗಿ ಆಟೋಅನ್‌ಅಟೆಂಡ್.ಎಕ್ಸ್‌ಎಂಎಲ್.ಟಿಎಕ್ಸ್‌ಟಿ ಆಗಿರುವುದು, ಎಕ್ಸ್‌ಪ್ಲೋರರ್ ಕೊನೆಯ ತುಂಡನ್ನು ಮುಚ್ಚಿಟ್ಟು ತೋರಿಸುವುದು, ಇದರಲ್ಲಿ ನಾನೇ ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ. ಹೆಸರು ಸರಿಯಿದ್ದರೆ, ಸೆಟಪ್ ಪರದೆಗಳ ನಡುವೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಮಾಂಡ್ ಕಿಟಕಿ ತೆರೆಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೂಡ ಒತ್ತಬೇಕು. ಅಲ್ಲಿಂದ ಸಿ:\ವಿಂಡೋಸ್\ಪ್ಯಾಂಥರ್ ಫೋಲ್ಡರಿನ ಸೆಟಪ್‌ಆ್ಯಕ್ಟ್.ಲಾಗ್ ತೆರೆದು ಅನ್‌ಅಟೆಂಡ್ ಎಂಬ ಪದ ಹುಡುಕಿದರೆ ಸೆಟಪ್ ಯಾವ ಫೈಲನ್ನು ಹಿಡಿಯಿತು, ಯಾವುದನ್ನು ಬಿಟ್ಟಿತು ಎಂಬುದು ಸಿಗುತ್ತದೆ. ಓಓಬಿಇ ಹಂತದ ಮತ್ತು ಸೆಟಪ್‌ಕಂಪ್ಲೀಟ್ ಓಡಿದ ದಾಖಲೆ ಅದೇ ಫೋಲ್ಡರಿನೊಳಗಿನ ಅನ್‌ಅಟೆಂಡ್‌ಜಿಸಿ ಉಪಫೋಲ್ಡರಿನಲ್ಲಿರುತ್ತದೆ. ಸೆಟಪ್‌ಕಂಪ್ಲೀಟ್ ಒಳಗಿನ ಕಮಾಂಡ್ ಸೋತರೂ ವಿಂಡೋಸ್ ಅದನ್ನು ಗಮನಿಸುವುದಿಲ್ಲ, ಆದ್ದರಿಂದ ಆ ದಾಖಲೆಯಲ್ಲಿ ಓಡಿತೆಂದು ಮಾತ್ರ ಇರುತ್ತದೆ, ಗೆದ್ದಿತೆಂದಲ್ಲ. ಗೆದ್ದದ್ದೋ ಸೋತದ್ದೋ ತಿಳಿಯಲು ನಮ್ಮದೇ ಲಾಗನ್ನು ನೋಡಬೇಕು.

ವರ್ಚುವಲ್ ಯಂತ್ರದಲ್ಲಿ ಎಲ್ಲ ಸರಿಯಾದ ಮೇಲೆ ಲ್ಯಾಬಿನ ಒಂದೇ ಒಂದು ಯಂತ್ರಕ್ಕೆ ಹಾಕಿ, ಅಡ್ಮಿನ್ ಖಾತೆಯಿಂದ ಹೊರಬಂದು, ವಿದ್ಯಾರ್ಥಿಯ ಖಾತೆಯಲ್ಲಿ ಲಾಗಿನ್ ಆಗಿ, ನೋಟ್‌ಪ್ಯಾಡ್ ತೆರೆದು ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ ನೋಡಬೇಕು. ಅದು ಬಂದರೆ ಪೆನ್‌ಡ್ರೈವನ್ನು ಎರಡನೆಯ ಯಂತ್ರಕ್ಕೆ ಚುಚ್ಚಬಹುದು.